ಹೊಗಳಿಕೆಗೆ ‘ಇಲ್ಲ ಇಲ್ಲ’ ಎನ್ನುವ ಗೆಳತಿ

ಮಾನ್ಯರೇ,

ಮೆಲ್ಬರ್ನ್‌ನಲ್ಲಿ ಓದುತ್ತಿರುವ ತಮ್ಮ ಮಗಳ ಜೊತೆ ಒಂದೇ ಮನೆಯಲ್ಲಿರುವ ಚೀನೀ ವಿದ್ಯಾರ್ಥಿನಿ, ತಾನು ಮಾಡಿದ ಟೊಮೆಟೊ–ಮೊಟ್ಟೆಯ ಪಲ್ಯವನ್ನು ಯಾರಾದರೂ ಹೊಗಳಿದರೆ ‘ಇಲ್ಲ ಇಲ್ಲ, ಉಪ್ಪು ಜಾಸ್ತಿಯಾಗಿದೆ’ ಎನ್ನುತ್ತಾಳೆಂದೂ, ಅವಳದೇ ಊರಿನ ಸಹಪಾಠಿ ಹುಡುಗ ತನ್ನ ಪ್ರಾಜೆಕ್ಟನ್ನು ಮೆಚ್ಚಿದವರಿಗೆ ‘ಥ್ಯಾಂಕ್ಸ್’ ಎಂದು ಸುಮ್ಮನಾಗುವನಲ್ಲದೆ ತಾನಾಗಿ ಯಾರನ್ನೂ ಹೊಗಳುವುದಿಲ್ಲವೆಂದೂ ಬರೆದಿದ್ದೀರಿ. ಅವಳದು ನಟನೆಯೇ, ಅವನದು ಬಿಗುಮಾನವೇ, ಇಲ್ಲವೇ ನಮ್ಮಲ್ಲಿ ದೃಷ್ಟಿಯಾದೀತೆಂದು ಹೆದರುವಂಥದ್ದೇ ಎಂಬುದು ತಮ್ಮ ಪ್ರಶ್ನೆ. ನನ್ನ ತಿಳಿವಳಿಕೆಯಲ್ಲಿ ಈ ಮೂರೂ ಅಲ್ಲ.

ಹೊಗಳುವುದರಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸವಿರುವುದು ನಿಜ. ಆದರೆ ಅದು ಚೀನೀಯರಿಗಷ್ಟೇ ಸೇರಿದ್ದಲ್ಲ. 1980ರ ದಶಕದಲ್ಲಿ ಭಾಷಾವಿಜ್ಞಾನಿ ಜಾನೆಟ್ ಹೋಮ್ಸ್ ನ್ಯೂಜಿಲೆಂಡಿನಲ್ಲಿ ದಿನನಿತ್ಯದ ಮಾತುಕತೆಯಿಂದ 484 ಹೊಗಳಿಕೆಗಳನ್ನು ಕಲೆಹಾಕಿದಾಗ, ಮೂರರಲ್ಲಿ ಸುಮಾರು ಎರಡು ಪಾಲು ಹೆಂಗಸರ ಬಾಯಿಂದ ಬಂದಿದ್ದವು, ಮುಕ್ಕಾಲು ಪಾಲಿನಷ್ಟು ಹೆಂಗಸರಿಗೇ ಸಂದಿದ್ದವು; ಗಂಡಸರು ಗಂಡಸರನ್ನು ಹೊಗಳಿದ್ದು ಹತ್ತರಲ್ಲಿ ಒಂದರಷ್ಟೂ ಇರಲಿಲ್ಲ. ಹೆಂಗಸರ ನಡುವೆ ಹೊಗಳಿಕೆ ಸ್ನೇಹವನ್ನು ಬೆಳೆಸುತ್ತದೆ, ಗಂಡಸರಿಗೆ ಅದೇ ಮಾತು ಮುಜುಗರ ತರಬಹುದು ಎಂಬುದು ಅವರ ವಿವರಣೆ. ಚೀನೀ ಹುಡುಗಿಯರು ಪರಸ್ಪರ ಉಡುಪನ್ನೋ ತಲೆಗೂದಲನ್ನೋ ಮೆಚ್ಚಿ ಮಾತಾಡುವುದು ಸಹಜ. ಹುಡುಗನೊಬ್ಬ ಅದನ್ನೇ ಹುಡುಗಿಗೆ ಹೇಳಿದರೆ ಬೇರೆ ಅರ್ಥ ಬಂದೀತೆಂಬ ಅಳುಕಿರುತ್ತದೆ, ಆದ್ದರಿಂದ ಅವನ ಮೆಚ್ಚುಗೆ ಬಹುಮಟ್ಟಿಗೆ ಆಟ, ಅಂಕ, ಕೆಲಸಗಳಿಗೆ ಸೀಮಿತವಾಗುತ್ತದೆ. ಪರದೇಶದ ತರಗತಿಯಲ್ಲಿ ಈ ಅಳುಕು ಇನ್ನಷ್ಟು ಹೆಚ್ಚಿದರೆ ಆಶ್ಚರ್ಯವಿಲ್ಲ.

ಹೊಗಳಿಕೆಗೆ ಉತ್ತರಿಸುವ ವಿಷಯ ಬೇರೆಯೇ. ಚೀನೀ ಶಿಷ್ಟಾಚಾರದಲ್ಲಿ ತನ್ನನ್ನು ತಗ್ಗಿಸಿ ಎದುರಿನವರನ್ನು ಎತ್ತಿ ಹಿಡಿಯುವುದು ಹಳೆಯ ರೂಢಿ. ಅತಿಥಿಯ ಮುಂದೆ ಮೇಜಿನ ತುಂಬ ಭಕ್ಷ್ಯ ಬಡಿಸಿಟ್ಟು ‘ತಿನ್ನಲು ಏನೂ ಇಲ್ಲ’ ಎನ್ನುವವರು ಅವರು. ‘ಏನೂ ವಿಶೇಷ ಮಾಡಿಲ್ಲ, ಬರೀ ಅನ್ನ ಸಾರು’ ಎನ್ನುವ ನಮ್ಮ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೀನಾದ ಶಿಆನ್ ನಗರದ ವಿದ್ಯಾರ್ಥಿಗಳನ್ನು ಕುರಿತು ಭಾಷಾವಿಜ್ಞಾನಿ ಚೆನ್ ರೋಂಗ್ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 95ಕ್ಕೂ ಹೆಚ್ಚು ಉತ್ತರಗಳು ಹೊಗಳಿಕೆಯನ್ನು ನಿರಾಕರಿಸುವಂಥವು. ಅದೇ ನಗರದಲ್ಲಿ ಮತ್ತೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 60ಕ್ಕೂ ಹೆಚ್ಚು ಉತ್ತರಗಳು ಒಪ್ಪಿಕೊಳ್ಳುವಂಥವು. ಇವೆಲ್ಲ ಪ್ರಶ್ನಾವಳಿಯಲ್ಲಿ ಬರೆದುಕೊಟ್ಟ ಉತ್ತರಗಳು, ಊಟದ ಮೇಜಿನಲ್ಲಿ ಆಡಿದ ಮಾತುಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ಎರಡು ದಶಕದೊಳಗೆ ಇಷ್ಟು ಬದಲಾದದ್ದನ್ನು ಹೆಣ್ಣಿನ ಸ್ವಭಾವ, ಗಂಡಿನ ಸ್ವಭಾವ ಎಂದು ವಿವರಿಸಲು ಬರುವುದಿಲ್ಲ.

ಹಾಗಾಗಿ ತಮ್ಮ ಹೋಲಿಕೆಯನ್ನೇ ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ. ಆ ಹುಡುಗಿ ಉತ್ತರಿಸಿದ್ದು ಅಡುಗೆಮನೆಯಲ್ಲಿ, ಬಡಿಸುವವಳ ಸ್ಥಾನದಲ್ಲಿ ನಿಂತು. ಹುಡುಗ ಉತ್ತರಿಸಿದ್ದು ತರಗತಿಯಲ್ಲಿ, ಇಂಗ್ಲಿಷಿನಲ್ಲಿ. ಹೊಗಳಿದವರಿಗೆ ಇಂಗ್ಲಿಷಿನಲ್ಲಿ ‘ಥ್ಯಾಂಕ್ ಯೂ’ ಎನ್ನಬೇಕೆಂದು ಚೀನೀ ಮಕ್ಕಳಿಗೆ ಶಾಲೆಯ ಪಾಠದಲ್ಲೇ ಕಲಿಸುತ್ತಾರೆ. ಅವನ ಊರಿನ ಗೆಳೆಯನೊಬ್ಬ ಅವನ ಬಾಸ್ಕೆಟ್‌ಬಾಲ್ ಆಟವನ್ನು ಚೀನೀ ಭಾಷೆಯಲ್ಲಿ ಹೊಗಳಿದರೆ, ಅವನೂ ‘ಇಲ್ಲ, ಇವತ್ತು ಅದೃಷ್ಟ ಚೆನ್ನಾಗಿತ್ತು’ ಎಂದಾನು; ಅವಳ ಪ್ರಬಂಧವನ್ನು ಅಧ್ಯಾಪಕರು ಮೆಚ್ಚಿದರೆ ಅವಳೂ ‘ಥ್ಯಾಂಕ್ ಯೂ’ ಎಂದಾಳು.

ದೃಷ್ಟಿಯ ಭಯದ ಮಾತಿಗೆ ಬಂದರೆ, ಹಾಗಿದ್ದಲ್ಲಿ ಹೊಗಳದಿರುವುದೇ ಲೇಸಾಗುತ್ತಿತ್ತು. ಇಲ್ಲಿ ಹಾಗಲ್ಲ. ‘ಇಲ್ಲ ಇಲ್ಲ’ ಎಂದವಳಿಗೂ ಹೊಗಳಿಕೆ ಪ್ರಿಯವೇ. ಆ ‘ಇಲ್ಲ’ವನ್ನು ನಂಬಿ ತಮ್ಮ ಮಗಳು ಹೊಗಳುವುದನ್ನು ನಿಲ್ಲಿಸಿದರೆ ಅವಳಿಗೆ ಬೇಸರವಾದೀತು. ಉಪ್ಪಿನ ಬಗ್ಗೆ ವಾದಿಸದೆ, ಇನ್ನೊಮ್ಮೆ ಬಡಿಸಿಕೊಂಡು ಮಾಡುವ ಬಗೆಯನ್ನು ಕೇಳಲಿ. ಹುಡುಗನನ್ನೂ ‘ಪ್ರಾಜೆಕ್ಟ್ ಚೆನ್ನಾಗಿದೆ’ ಎಂದಷ್ಟಕ್ಕೇ ಬಿಡದೆ ಅದರ ಯಾವ ಭಾಗ ಹಿಡಿಸಿತೆಂದು ಹೇಳಿ ಮಾತಿಗೆಳೆದರೆ, ಅವನೂ ‘ಥ್ಯಾಂಕ್ಸ್’ಗಿಂತ ಮುಂದೆ ಹೋಗಬಹುದು.

— ಸಂಪಾದಕ