ಉಪಮೆ, ರೂಪಕ, ಉತ್ಪ್ರೇಕ್ಷೆ: ಮಕ್ಕಳು ಗುರುತಿಸುವುದು ಹೇಗೆ?

ಇವು ಮೂರೂ ಅಲಂಕಾರಗಳು, ಅಂದರೆ ಮಾತನ್ನು ಚೆಂದಗೊಳಿಸುವ ರೀತಿಗಳು. ಇವುಗಳ ಹೆಸರನ್ನಷ್ಟೇ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಸುಮ್ನೆ ಗೊಂದಲವಾಗುತ್ತದೆ. ಒಂದೇ ಮಾತನ್ನು ಮೂರು ಥರ ಬರೆದು ನೋಡಿ.

"ಕೆರೆ ಕನ್ನಡಿಯಂತೆ ಹೊಳೆಯುತ್ತಿದೆ." ಇದು ಉಪಮೆ. ಕೆರೆ ಬೇರೆ, ಕನ್ನಡಿ ಬೇರೆ. ನಡುವೆ 'ಅಂತೆ' ಎಂಬ ಸೇತುವೆ ಇದೆ. 'ಹಾಗೆ', 'ಥರ' ಬಂದರೂ ಅಷ್ಟೇ.

"ಕೆರೆಯೆಂಬ ಕನ್ನಡಿ ಹೊಳೆಯುತ್ತಿದೆ." ಇಲ್ಲಿ ಸೇತುವೆಯೇ ಇಲ್ಲ, ಎರಡೂ ಒಂದೇ ಆಗಿಬಿಟ್ಟಿವೆ. ಇದು ರೂಪಕ.

"ಆಕಾಶವೇ ಕನ್ನಡಿ ತಂದು ನೆಲದ ಮೇಲೆ ಇಟ್ಟಿದೆಯೋ ಎಂಬಂತೆ ಕೆರೆ ಹೊಳೆಯುತ್ತಿದೆ." ನಡೆಯದ್ದನ್ನು ನಡೆದಂತೆ ಊಹಿಸಿದ್ದೇವೆ, ಅಲ್ವಾ? ಇದು ಉತ್ಪ್ರೇಕ್ಷೆ. ಮಾತಿನಲ್ಲಿ ನಾವು ಸುಳ್ಳುಸುಳ್ಳೇ ಹಿಗ್ಗಿಸಿ ಹೇಳುವುದನ್ನು ಉತ್ಪ್ರೇಕ್ಷೆ ಅನ್ನುತ್ತೇವೆ. ಅಲಂಕಾರದ ಪಾಠದಲ್ಲಿ ಅದಕ್ಕೆ ಅತಿಶಯೋಕ್ತಿ ಎಂಬ ಬೇರೆ ಹೆಸರಿದೆ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಬಲೆ 'ಅಂತೆ' ಪದವೇ. "ನಾಳೆ ಮಳೆ ಬರುತ್ತದಂತೆ" ಎಂದರೆ ಯಾರೋ ಹೇಳಿದ ಸುದ್ದಿ, ಉಪಮೆಯಲ್ಲ. ಆದ್ದರಿಂದ 'ಅಂತೆ' ಕಂಡ ಕೂಡಲೇ ಉತ್ತರ ಬರೆಯಬೇಡಿ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ಎಂದು ಮೊದಲು ಕೇಳಿಕೊಳ್ಳಿ.

ಅನುಪ್ರಾಸ ಎಂಬ ಇನ್ನೊಂದು ಅಲಂಕಾರ ಸುಲಭ. ಸಾಲನ್ನು ಗಟ್ಟಿಯಾಗಿ ಓದಿ, ಒಂದೇ ಅಕ್ಷರ ಮತ್ತೆ ಮತ್ತೆ ಬಂದರೆ ಕಿವಿಗೇ ಗೊತ್ತಾಗುತ್ತದೆ.