ಕಲಾಕೃತಿ ಅಂತ ಹೇಳಿ ಸರ್ಕಾರಿ ವೆಬ್‌ಸೈಟ್ ಕೆಡವಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮಹದಾಯಿ ನೀರಿನ ಬಗ್ಗೆ ಧಾರವಾಡದಲ್ಲೊಂದು ಡಿಜಿಟಲ್ ಕಲಾಕೃತಿ ಇಡುತ್ತೀರಿ. ನೋಡಲು ಬಂದವರು ಗುಂಡಿ ಒತ್ತಿದಷ್ಟೂ ಒಂದು ಸರ್ಕಾರಿ ವೆಬ್‌ಸೈಟಿಗೆ ರಿಕ್ವೆಸ್ಟ್ ಹೋಗಿ, ಕೊನೆಗೆ ಅದು ಸುಸ್ತಾಗಿ ನಿಲ್ಲಬೇಕು. ಕಲೆ ಅಂದಮೇಲೆ ಕೇಸ್ ಆಗುವುದಿಲ್ಲವಲ್ಲ?

ಆಗ್ತದ್ರಿ. ನಾನು ವಕೀಲನಲ್ಲ, ಹುಬ್ಬಳ್ಳಿಯಲ್ಲಿ ಸರ್ವರ್ ಕಾಯುವವನು. ಆದರೆ ಐಟಿ ಕಾಯ್ದೆಯ 43ನೇ ಸೆಕ್ಷನ್ ನಮ್ಮ ಕೆಲಸದವರಿಗೆ ಬಾಯಿಪಾಠ. ಮಾಲೀಕರ ಅನುಮತಿ ಇಲ್ಲದೆ, ಹಕ್ಕಿದ್ದವರಿಗೆ ಕಂಪ್ಯೂಟರ್ ಸಿಗದಂತೆ ಮಾಡಿದರೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಇಲ್ಲವೇ ಮೋಸದಿಂದ ಮಾಡಿದರೆ 66ನೇ ಸೆಕ್ಷನ್: 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ‘ನನ್ನ ಮನಸ್ಸಿನಲ್ಲಿ ಮೋಸವಿರಲಿಲ್ಲ’ ಎಂದು ವಾದಿಸಬಹುದು. ವಾದಿಸುವ ಹೊತ್ತಿಗೆ ನಿಮ್ಮ ಲ್ಯಾಪ್‌ಟಾಪ್ ಠಾಣೆಯ ಕಪಾಟಿನಲ್ಲಿರುತ್ತದೆ, ಅಷ್ಟೇ.

ಸೈಟ್ ಕೆಡವುವಂಥ ಟೂಲ್ (ಪ್ರೋಗ್ರಾಂ) ಇಟ್ಟುಕೊಂಡರೇ ತಪ್ಪಾ ಎಂದೂ ಕೇಳಿದ್ದೀರಿ. ಜರ್ಮನಿ 2007ರಲ್ಲಿ, ಅಪರಾಧದ ತಯಾರಿಗೆಂದು ಅಂಥ ಸಾಧನ ಮಾಡುವುದನ್ನೂ ಹಂಚುವುದನ್ನೂ ಶಿಕ್ಷಾರ್ಹ ಮಾಡಿತು. ನಮ್ಮ ಕಾಯ್ದೆಯಲ್ಲಿ ಅಂಥ ಬೇರೆ ಸೆಕ್ಷನ್ ಇಲ್ಲ. ಯಾವ ಸರ್ವರಿನ ಯಾವ ಬಾಗಿಲು ತೆರೆದಿದೆ ಎಂದು ಹುಡುಕುವ ಎನ್‌ಮ್ಯಾಪ್ ಎಂಬ ಟೂಲ್ ನನ್ನ ಲ್ಯಾಪ್‌ಟಾಪಿನಲ್ಲೂ ಇದೆ. ಇಲ್ಲಿ ಕೇಳುವುದು ಯಾರ ಸರ್ವರ್ ಮೇಲೆ, ಯಾರನ್ನು ಕೇಳಿ ಓಡಿಸಿದೆ ಎಂದು.

ನಿಮ್ಮ ಯೋಚನೆಗೆ ಹಿರಿಯಣ್ಣ ಒಬ್ಬನಿದ್ದಾನೆ. 1998ರಲ್ಲಿ ಎಲೆಕ್ಟ್ರಾನಿಕ್ ಡಿಸ್ಟರ್ಬೆನ್ಸ್ ಥಿಯೇಟರ್ ಎಂಬ ಕಲಾವಿದರ ಗುಂಪು, ಮೆಕ್ಸಿಕೋದಲ್ಲಿ ಮೂಲನಿವಾಸಿಗಳ ಹಕ್ಕಿಗಾಗಿ ಬಂಡೆದ್ದ ಜಪಾಟಿಸ್ಟರ ಪರವಾಗಿ ಫ್ಲಡ್‌ನೆಟ್ ಎಂಬ ಪ್ರೋಗ್ರಾಂ ಮಾಡಿತ್ತು. ಅದು ಅಲ್ಲಿನ ಅಧ್ಯಕ್ಷರ ಸೈಟಿಗೆ ಮತ್ತೆ ಮತ್ತೆ ಹೋಗಿ ‘ಮಾನವ ಹಕ್ಕು’ ಎಂಬ ಪುಟ ಕೊಡು ಎನ್ನುತ್ತಿತ್ತು. ಅಂಥ ಪುಟ ಎಲ್ಲಿಂದ ಬರಬೇಕು? ಸರ್ವರ್ ಪಾಪ ತನ್ನ ಪಾಡಿಗೆ ಹೇಳುತ್ತಿತ್ತು: ಮಾನವ ಹಕ್ಕು ಈ ಸರ್ವರಿನಲ್ಲಿ ಸಿಗಲಿಲ್ಲ. ನನ್ನ ಕಣ್ಣಿಗೆ ಕಲೆ ಇರುವುದು ಈ ಉತ್ತರದಲ್ಲಿ. ಸೈಟ್ ಬೀಳಿಸುವುದು ಯಾವ ಪುಂಡನಿಗೂ ಬರುತ್ತದೆ.

ನಿಮ್ಮ ಪ್ರಶ್ನೆ ಓದಿದ ರಾತ್ರಿ ತಡೆಯಲಾರದೆ ನನ್ನದೇ ಹಳೇ ಲ್ಯಾಪ್‌ಟಾಪಿನಲ್ಲೊಂದು ಸರ್ವರ್ ಎಬ್ಬಿಸಿ ‘ನೀರು’ ಎಂಬ ಪುಟ ಕೇಳಿದೆ. 404 ಬಂತು, ಅಂದರೆ ‘ಪುಟ ಸಿಗಲಿಲ್ಲ’. ಯಾರು ಏನು ಕೇಳಿದರು ಎಂದು ಸರ್ವರ್ ಬರೆದಿಡುವ ಲಾಗ್ ತೆರೆದರೆ ನೀರು ಎಂಬ ಎರಡಕ್ಷರ ಕಾಣಲೇ ಇಲ್ಲ. ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಎ ಎಂಟು... ಹೀಗೆ 12 ತುಂಡು, ಆಮೇಲೆ 404. ಕಂಪ್ಯೂಟರಿಗೆ ‘ನೀರು’ ಅಂದರೆ ನ, ದೀರ್ಘ, ರ, ಕೊಂಬು ಸೇರಿ ನಾಲ್ಕು ಚಿಹ್ನೆ; ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು, ಅದಕ್ಕೆ ಹಾಗೆ. ಅರ್ಜಿ ಕೊಟ್ಟು ಕಚೇರಿ ಅಲೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಇದನ್ನೇ ಇಡಿ. ಸರ್ವರ್ ನಿಮ್ಮದೇ ಇರಲಿ. ಕಿರಾಣಿ ಅಂಗಡಿಯ ಬಿಲ್ ಪ್ರಿಂಟರ್ ಒಂದನ್ನು ಜೋಡಿಸಿ, ಒಬ್ಬೊಬ್ಬರು ಗುಂಡಿ ಒತ್ತಿದಾಗಲೂ ಒಂದು ಸಾಲು ಕಕ್ಕಲಿ, ಕಾಗದ ನೆಲಕ್ಕೆ ಇಳಿಯಲಿ. 2015ರಿಂದ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕೂತ ವಿಷಯವಿದು. ರೋಲ್ ನಾಲ್ಕು ಹೆಚ್ಚೇ ತಂದಿಟ್ಟುಕೊಳ್ಳಿ.