ಪ್ರತಿ: ಅತ್ತೆಯ ಡಯಾಲಿಸಿಸ್, ದಿನಾ ನೀರಿನ ಜಗಳ

ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಕರೆದುಕೊಂಡು ಹೋಗುವುದರಿಂದ ಅಡುಗೆವರೆಗೆ ನೀವೊಬ್ಬರೇ. ಡಾಕ್ಟರ್ ಹೇಳಿದ ಅಳತೆಗಿಂತ ಹೆಚ್ಚು ನೀರು ಅವರು ಕುಡಿಯುವಂತಿಲ್ಲ, ಅದಕ್ಕೇ ಜಗಳ ಆಗುತ್ತೆ, ರೇಗಿದ ಮೇಲೆ ರಾತ್ರಿ ಅಳು ಬರುತ್ತೆ, ನಾನು ಕೆಟ್ಟವಳಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ನಿದ್ದೆಗೆಟ್ಟು ದುಡಿಯುವವರಿಗೆ ಸಿಟ್ಟು ಬಂದೇ ಬರುತ್ತೆ.

ಡಯಾಲಿಸಿಸ್‌ನಲ್ಲಿದ್ದ ನಮ್ಮಪ್ಪನನ್ನು ನೋಡಿಕೊಂಡವಳು ನಾನು. ನಮ್ಮಲ್ಲೂ ಜಗಳ ನೀರಿನದೇ. ಡಾಕ್ಟರ್ ಹೇಳಿದ ಅಳತೆಯಲ್ಲಿ ಕಾಫಿ, ಸಾರು, ಮಜ್ಜಿಗೆಗೆ ಬೇಕಾದಷ್ಟು ಕಳೆದು, ಉಳಿದದ್ದನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿ ಅವರ ಕೈಗೇ ಕೊಡುತ್ತಿದ್ದೆ. ಎಷ್ಟು ಹೊತ್ತಿಗೆ ಎಷ್ಟು ಗುಟುಕು ಅನ್ನುವುದು ಅವರಿಗೇ ಬಿಟ್ಟದ್ದು. ಕಾವಲು ಕಾಯುವ ಕೆಲಸ ನನಗೆ ತಪ್ಪಿತು, ಅವರಿಗೂ ಮರ್ಯಾದೆ ಉಳಿಯಿತು. ಇನ್ನೊಂದು, ಉಪ್ಪು ಕಡಿಮೆ ಮಾಡದೆ ದಾಹ ತಗ್ಗಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೊದಲು ನಿಲ್ಲಿಸಿ. ಹಾಗಂತ ಅಂಗಡಿಯ ಲೋ ಸೋಡಿಯಂ ಉಪ್ಪು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ, ಕಿಡ್ನಿ ಕೆಟ್ಟವರ ಹೃದಯಕ್ಕೆ ಅಪಾಯ.

'ನೀವು ಹೇಗೂ ಮನೇಲೇ ಇರ್ತೀರಲ್ಲ' ಅಂದ ಮೈದುನನ ಮಾತು ಓದಿ ನನಗೇ ಸಂಕಟವಾಯಿತು. 'ಸ್ವಲ್ಪ ಸಹಾಯ ಮಾಡಿ' ಅಂದರೆ ಯಾರೂ ಕದಲಲ್ಲ. 'ಶನಿವಾರದ ಡಯಾಲಿಸಿಸ್‌ಗೆ ನೀನೇ ಕರೆದುಕೊಂಡು ಹೋಗು' ಅಂತ ನಿಮ್ಮ ಯಜಮಾನರೇ ಅವರಿಗೆ ಹೇಳಲಿ, ನೀವಲ್ಲ. ಆ ನಾಲ್ಕು ಗಂಟೆ ಸುಮ್ನೆ ಮಲಗಿ, ಮನೆಗೆಲಸ ಹಿಡಿಯಬೇಡಿ.

ರಾತ್ರಿ ಅಳು ಬಂದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಎಷ್ಟು ಹೊತ್ತಿಗಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.